ಕಟಕಟ ಎನ್ನುವ ನಾಲ್ಕನೇ ಗೇರು

ಸೈಕಲ್ಲಿನ ಹಿಂದಿನ ಡಿರೇಲರಿನಲ್ಲಿ, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗದಲ್ಲಿ, ಮೂರು ಸಣ್ಣ ಸ್ಕ್ರೂಗಳಿವೆ. ಹೋದ ವರ್ಷ ಅಕ್ಟೋಬರಿನಲ್ಲಿ ಸುಮಾರು ಹದಿನೈದು ದಿನ, ಬೆಳಿಗ್ಗೆ ಕಾಫಿ ಕುಡಿದ ಮೇಲೆ ನನ್ನ ಮೊದಲ ಕೆಲಸ ಅವನ್ನು ತಿರುಗಿಸುವುದು. ಕಾಲು ಸುತ್ತು ಬಲಕ್ಕೆ, ಅರ್ಧ ಸುತ್ತು ಎಡಕ್ಕೆ. ಅಂಗಳದಲ್ಲಿ ಎರಡು ರೌಂಡ್ ಹೊಡೆಯುವುದು, ಬೈದುಕೊಳ್ಳುವುದು, ಮತ್ತೆ ತಿರುಗಿಸುವುದು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಮ್ಮ ಒಂದು ದಿನ ಕೇಳಿಯೇ ಬಿಟ್ಟಳು. "ಅಲ್ಲ ಮಾರಾಯ, ಅದನ್ನ ಓಡ್ಸಕ್ಕೆ ತಗಂಡಿದ್ದಾ, ರಿಪೇರಿ ಮಾಡಕ್ಕೆ ತಗಂಡಿದ್ದಾ?"

ನನ್ನದು ಆರು ವರ್ಷ ಹಳೆಯ ಮೌಂಟನ್ ಬೈಕು. ಮುಂದೆ ಮೂರು ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ), ಹಿಂದೆ ಎಂಟು, ಲೆಕ್ಕಕ್ಕೆ 24 ಗೇರು. ಬೆಂಗಳೂರಿನಲ್ಲಿ ಇದ್ದಷ್ಟು ದಿನ ಭಾನುವಾರ ತುರಹಳ್ಳಿ ಕಾಡಿನಲ್ಲಿ ಓಡಿಸುತ್ತಿದ್ದೆ. ಮನೆಯಿಂದಲೇ ಕೆಲಸ ಮಾಡಬಹುದು ಅಂತಾದ ಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಸೈಕಲ್ಲೂ ಬಂತು. ಹೊರಡುವ ಮುಂಚೆ ಒಂದು ಅಂಗಡಿಯಲ್ಲಿ ಸರ್ವೀಸ್ ಮಾಡಿಸಿದ್ದೆ, ಗೇರ್ ಕೇಬಲ್ ಹೊಸದು ಹಾಕಿ ಕೊಟ್ಟಿದ್ದರು. ಆಮೇಲೆ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ಕಳಿಸಿದೆ. ಬೆಳಿಗ್ಗೆ ಇಳಿಸಿಕೊಳ್ಳುವಾಗ ಅದರ ಮೇಲೆ ಎರಡು ಮೂಟೆ ಇತ್ತು. ಪೇಂಟ್ ಕೆತ್ತಿಲ್ಲ, ಹ್ಯಾಂಡಲ್ ನೆಟ್ಟಗಿದೆ ಅಂತ ನೋಡಿ ಸುಮ್ಮನಾದೆ. ಯಾವ ಮಗ್ಗುಲಿಗೆ ಮಲಗಿಸಿದ್ದರು ಅಂತ ನೋಡಲಿಲ್ಲ. ನೋಡಬೇಕಾಗಿದ್ದದ್ದು ಅದೊಂದೇ.

ಮೊದಲ ವಾರದಲ್ಲೇ ತೊಂದರೆ ಶುರು. ನಾಲ್ಕನೇ ಗೇರಿನಲ್ಲಿ ಚೈನು ಕಟಕಟ ಅನ್ನುತ್ತದೆ, ಪಕ್ಕದ ಸ್ಪ್ರಾಕೆಟ್ಟಿಗೆ ಹತ್ತಬೇಕೋ ಬೇಡವೋ ಅಂತ ಯೋಚನೆ ಮಾಡುವ ಹಾಗೆ. ನಾಲ್ಕರಿಂದ ಐದಕ್ಕೆ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಎರಡು ಸುತ್ತು ತುಳಿದ ಮೇಲೆ, ನಾನು ಮರೆತೇ ಬಿಟ್ಟಾಗ, ಟಪ್ ಅಂತ ಇಳಿಯುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಗೇರು ತಾನಾಗಿ ಬದಲಾಗುತ್ತದೆ. ಒಂದನೇ ಗೇರಿನಲ್ಲಿ, ಅಂದರೆ ಹಿಂದಿನ ಅತಿ ದೊಡ್ಡ ಸ್ಪ್ರಾಕೆಟ್ಟಿನಲ್ಲಿ, ಟಿಂಗ್ ಟಿಂಗ್ ಅಂತ ಸಣ್ಣ ಸದ್ದು. ಏರು ಸಿಕ್ಕಿ ಜೋರಾಗಿ ತುಳಿದರೆ ಚೈನು ಹಲ್ಲಿನ ಮೇಲೆ ಹಾರಿ ಪೆಡಲ್ ಜಾರುತ್ತದೆ.

ಈಗ ಬರೆಯುವಾಗ ಐದೂ ಬೇರೆ ಬೇರೆ ಲಕ್ಷಣ ಅಂತ ಕಾಣುತ್ತದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, "ಗೇರ್ ಸರಿ ಇಲ್ಲ".

ಗೇರ್ ಸರಿ ಇಲ್ಲ ಅಂದರೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೇಬಲ್ಲಿನ ಕೊನೆಯಲ್ಲಿ ಕೈಯಿಂದ ತಿರುಗಿಸುವ ಒಂದು ಗುಬುಟು ಇರುತ್ತದೆ, ಬ್ಯಾರಲ್ ಅಡ್ಜಸ್ಟರ್ ಅನ್ನುತ್ತಾರೆ. ಕೇಬಲ್ ಬಿಗಿ ಮಾಡುವುದು, ಸಡಿಲ ಮಾಡುವುದು ಅದರಿಂದ. ಒಂದು ಸುತ್ತು ಹೊರಗೆ ತಿರುಗಿಸಿದೆ. ಎರಡು, ಮೂರು, ನಾಲ್ಕು ಸರಿಯಾದವು. ಆರು, ಏಳು ಕೆಟ್ಟವು. ಒಳಗೆ ತಿರುಗಿಸಿದೆ. ಆರು, ಏಳು ಸರಿಯಾದವು, ಎರಡು ಮೂರು ಕೆಟ್ಟವು. ಗಿಡ್ಡ ಕಂಬಳಿ ಹೊದ್ದ ಹಾಗೆ. ತಲೆ ಮುಚ್ಚಿದರೆ ಕಾಲು ಹೊರಗೆ.

ಇದೇ ದೊಡ್ಡ ಸುಳಿವು ಅಂತ ಆಗ ಗೊತ್ತಾಗಲಿಲ್ಲ. ಕೇಬಲ್ಲಿನ ಬಿಗಿ ಮಾತ್ರ ತಪ್ಪಿದ್ದರೆ ಎಂಟೂ ಗೇರು ಒಂದೇ ದಿಕ್ಕಿಗೆ ಕೆಡುತ್ತವೆ, ಬಿಗಿ ಸರಿ ಮಾಡಿದರೆ ಎಂಟೂ ಒಟ್ಟಿಗೆ ಸರಿಯಾಗುತ್ತವೆ. ಅರ್ಧ ಸರಿಯಾಗಿ ಅರ್ಧ ಕೆಟ್ಟರೆ ತಪ್ಪು ಬೇರೆ ಕಡೆ ಇದೆ.

ನಾನು ಬೇರೆ ಕಡೆ ನೋಡಲಿಲ್ಲ, ಸ್ಕ್ರೂ ಡ್ರೈವರ್ ತಗೊಂಡೆ. ಆ ಮೂರು ಸ್ಕ್ರೂಗಳಲ್ಲಿ ಎರಡರ ಪಕ್ಕ ಎಚ್, ಎಲ್ ಅಂತ ಕೆತ್ತಿರುತ್ತಾರೆ. ಡಿರೇಲರ್ ಎರಡೂ ಕಡೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅವು ಬೇಲಿ, ಅಷ್ಟೇ. ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧ ಇಲ್ಲ. ಚೈನು ಹೊರಗೆ ಬಿದ್ದು ಫ್ರೇಮಿಗೆ ಸಿಕ್ಕಿಕೊಳ್ಳದಂತೆ ಎಚ್ ತಡೆಯುತ್ತದೆ. ಒಳಗೆ ಬಿದ್ದು ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳದಂತೆ ಎಲ್ ತಡೆಯುತ್ತದೆ. ನಾನು ಯಾವುದನ್ನು ಎಷ್ಟು ತಿರುಗಿಸಿದೆ ಅಂತ ಲೆಕ್ಕ ಇಡಲಿಲ್ಲ.

ಫಲ ಕುಂದಾದ್ರಿ ಬೆಟ್ಟದ ರಸ್ತೆಯಲ್ಲಿ ಸಿಕ್ಕಿತು. ಹತ್ತಿದವರಿಗೆ ಗೊತ್ತು, ಅಲ್ಲಿ ಕೊನೆಯ ಏರು ಕಾರಿನ ಇಂಜಿನ್ನನ್ನೂ ನರಳಿಸುತ್ತದೆ. ಸಣ್ಣ ಮಳೆ ಬೇರೆ. ಎರಡನೇ ಗೇರಿನಿಂದ ಒಂದಕ್ಕೆ ಹಾಕಿದೆ. ಚೈನು ದೊಡ್ಡ ಸ್ಪ್ರಾಕೆಟ್ಟನ್ನೂ ದಾಟಿ ಅದಕ್ಕೂ ಕಡ್ಡಿಗೂ ನಡುವಿನ ಸಂದಿಗೆ ಬಿತ್ತು. ಪೆಡಲ್ ಕಲ್ಲಾಯಿತು. ಪಕ್ಕಕ್ಕೆ ಬಿದ್ದೆ, ಪುಣ್ಯಕ್ಕೆ ಹುಲ್ಲಿನ ಮೇಲೆ. ಆ ಸಂದಿಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ತಟ್ಟೆ ಹಾಕಿಯೇ ಕಂಪನಿಯವರು ಸೈಕಲ್ ಕೊಟ್ಟಿದ್ದರು. ಮಕ್ಕಳ ಸೈಕಲ್ ತರ ಕಾಣುತ್ತದೆ ಅಂತ ನಾನೇ ಮೊದಲ ವರ್ಷ ಕಿತ್ತು ಎಸೆದಿದ್ದೆ. ಚೈನು ಎಳೆದು ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಕಾಲ್ಚೀಲದೊಳಗೆ ಮೂರು ಇಂಬಳ. ಬಲಗಡೆಯ ನಾಲ್ಕೈದು ಕಡ್ಡಿಗಳ ಬುಡದಲ್ಲಿ ಕಚ್ಚು ಬಿದ್ದಿತ್ತು.

ಮಾರನೇ ದಿನ ಪೇಟೆಯ ಪಂಕ್ಚರ್ ಅಂಗಡಿಗೆ ಹೋದೆ. ನಾನು ಶಾಲೆಗೆ ಹೋಗುವ ಕಾಲದಿಂದ ಇರುವ ಅಂಗಡಿ. ಅವರ ಕೈಗೆ ಬರುವುದೆಲ್ಲ ಗೇರಿಲ್ಲದ ಸೈಕಲ್ಲುಗಳೇ. ನನ್ನದನ್ನು ನೋಡಿ ನಕ್ಕರು. "ಇದೆಲ್ಲ ನಂಗೆ ಬರೂದಿಲ್ಲ ಮಾರಾಯ್ರೆ, ಕಡ್ಡಿ ಬೇಕಾದ್ರೆ ನೋಡ್ತೆ." ಚಕ್ರದ ಬೆಂಡ್ ನೋಡಲು ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದರು. ಚಕ್ರ ತಿರುಗಿಸಿದರು. ನಿಲ್ಲಿಸಿದರು. "ಚಕ್ರ ಸರಿ ಉಂಟು. ಇದರ ಕಿವಿ ಸೊಟ್ಟ ಆಗಿದೆ, ನೋಡಿ."

ಕಿವಿ ಅಂದರೆ ಹ್ಯಾಂಗರ್. ಡಿರೇಲರ್ ನೇತಾಡುವುದು ಫ್ರೇಮಿಗೆ ನೇರವಾಗಿ ಅಲ್ಲ, ಹೆಬ್ಬೆರಳಷ್ಟು ದೊಡ್ಡ ಒಂದು ಅಲ್ಯೂಮಿನಿಯಂ ತುಂಡಿಗೆ. ಏಟು ಬಿದ್ದರೆ ಫ್ರೇಮು ಉಳಿದು ತಾನು ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ನಾನೂ ಅವರ ಜಾಗದಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದೆ. ಡಿರೇಲರಿನ ಎರಡು ಪುಟ್ಟ ರಾಟೆಗಳೂ ಮೇಲಿನ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿ ಇರಬೇಕು. ನನ್ನದರಲ್ಲಿ ಕೆಳಗಿನ ರಾಟೆ ಚಕ್ರದ ಕಡೆಗೆ ವಾಲಿತ್ತು. ಬಸ್ಸಿನಲ್ಲಿ ಸೈಕಲ್ಲನ್ನು ಬಲ ಮಗ್ಗುಲಿಗೆ ಮಲಗಿಸಿದ್ದಿರಬೇಕು, ಮೂಟೆಗಳ ಭಾರ ಪೂರ್ತಿ ಡಿರೇಲರಿನ ಮೇಲೆ. ಒಂದನೇ ಗೇರಿನ ಟಿಂಗ್ ಟಿಂಗ್ ಸದ್ದೂ ಆಗ ಅರ್ಥವಾಯಿತು. ಡಿರೇಲರಿನ ತುದಿ ಕಡ್ಡಿಗಳಿಗೆ ತಾಗುತ್ತಿತ್ತು. ಇನ್ನೊಂದು ವಾರ ಹಾಗೇ ಓಡಿಸಿದ್ದರೆ ಕಡ್ಡಿಯೊಳಗೆ ನುಗ್ಗಿ ಡಿರೇಲರೂ ಚಕ್ರವೂ ಒಟ್ಟಿಗೆ ಹೋಗುತ್ತಿದ್ದವೇನೋ.

ಅಂಗಡಿಯವರು ಸುತ್ತಿಗೆ ತಗೊಂಡು ಎದ್ದರು. "ಎರಡು ಪೆಟ್ಟು ಕೊಟ್ರೆ ಸರಿ ಆಗ್ತದೆ." ನಾನು ಸೈಕಲ್ ತಗೊಂಡು ಮನೆಗೆ ಓಡಿದೆ.

ಹ್ಯಾಂಗರ್ ನೇರ ಮಾಡಲು ಒಂದು ಸಾಧನ ಇದೆ, ಉದ್ದ ಹಿಡಿಕೆಯದು. ವರ್ಷಕ್ಕೊಮ್ಮೆ ಬೇಕಾಗುವ ಅದಕ್ಕೆ ಅಷ್ಟು ದುಡ್ಡು ಕೊಡಲು ಮನಸ್ಸಾಗಲಿಲ್ಲ. ಹಳೆಯ ಸೈಕಲ್ ಮೆಕ್ಯಾನಿಕ್ಕುಗಳು ಮಾಡುವ ಒಂದು ಉಪಾಯ ಓದಿದ್ದು ನೆನಪಿತ್ತು. ಹ್ಯಾಂಗರಿನ ತೂತಿನ ತಿರುಪು ಮರೆ 10 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ಅಂತರ. ಕ್ವಿಕ್ ರಿಲೀಸ್ (ಪಾನ ಇಲ್ಲದೆ ಚಕ್ರ ಬಿಚ್ಚುವ ಹಿಡಿ) ಇರುವ ಹಿಂದಿನ ಚಕ್ರದ ಆಕ್ಸಲ್ಲಿನ ಮರೆಯೂ ಸಾಮಾನ್ಯವಾಗಿ ಅದೇ. ಅಂದರೆ ಇನ್ನೊಂದು ಚಕ್ರವನ್ನೇ ತಂದು ಹ್ಯಾಂಗರಿನ ತೂತಿಗೆ ತಿರುಪಬಹುದು. ಹ್ಯಾಂಗರ್ ನೆಟ್ಟಗಿದ್ದರೆ ಎರಡು ಚಕ್ರ ಎರಡು ತಟ್ಟೆ ಎದುರುಬದುರು ಹಿಡಿದಂತೆ ಸಮಾನಾಂತರ ನಿಲ್ಲುತ್ತವೆ.

ಮೊದಲು ಕೊಟ್ಟಿಗೆಯಲ್ಲಿದ್ದ ಅಪ್ಪನ ಹಳೇ ಸೈಕಲ್ಲಿನ ಚಕ್ರ ತಂದೆ. ಮರೆ ಕೂರಲಿಲ್ಲ. ಬಲವಂತ ಮಾಡಲಿಲ್ಲ, ಮಾಡಿದ್ದರೆ ತೂತೇ ಹಾಳಾಗುತ್ತಿತ್ತು. ಆಮೇಲೆ ಚಿಕ್ಕಪ್ಪನ ಮಗನ ಗೇರ್ ಸೈಕಲ್ ನೆನಪಾಯಿತು. ಟೈರು ಹರಿದು ಎರಡು ವರ್ಷದಿಂದ ಅವರ ಮನೆ ಅಟ್ಟದ ಮೆಟ್ಟಿಲ ಕೆಳಗೆ ಬಿದ್ದಿತ್ತು.

ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲು ಹತ್ತಿರ ಬಂದು ಅಂಗಳದಲ್ಲಿ ಚಪ್ಪರ ಎದ್ದಿತ್ತು. ಅದರ ಗಳಕ್ಕೆ ಹಗ್ಗ ಕಟ್ಟಿ ಸೈಕಲ್ಲನ್ನು ಸೊಂಟದ ಎತ್ತರಕ್ಕೆ ನೇತುಹಾಕಿದೆ. ಇದಕ್ಕಿಂತ ಒಳ್ಳೇ ರಿಪೇರಿ ಸ್ಟ್ಯಾಂಡ್ ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. 5 ಮಿಲಿಮೀಟರಿನ ಅಲೆನ್ ಕೀಯಿಂದ ಡಿರೇಲರ್ ಬಿಚ್ಚಿ, ಚೈನಿಗೆ ನೇತಾಡಲು ಬಿಟ್ಟೆ. ಟೈರ್ ತೆಗೆದ ಬರೀ ರಿಮ್ಮಿನ ಚಕ್ರ, ಅದರ ಎಡಗಡೆಯ ಆಕ್ಸಲ್ ತುದಿ. ಹ್ಯಾಂಗರಿಗೆ ನಾಲ್ಕು ಸುತ್ತು ಮೆಲ್ಲಗೆ ಹತ್ತಿಸಿದೆ, ಕೂತಿತು.

ಈಗ ಹಿಂದಿನಿಂದ ನೋಡಿದರೆ ಸೊಟ್ಟ ಅನ್ನುವುದು ಕುರುಡನಿಗೂ ಕಾಣಬೇಕು. ಒಂದು ಅಡಿಕೆ ದಬ್ಬೆ ಸೀಳಿ ಎರಡು ರಿಮ್ಮುಗಳ ನಡುವೆ ಹಿಡಿದು ಅಳತೆಗೆ ಗುರುತು ಹಾಕಿದೆ. ಮೇಲುಗಡೆಗಿಂತ ಕೆಳಗಡೆ 18 ಮಿಲಿಮೀಟರ್ ಕಡಿಮೆ. ಹಿಂದೆ ಮುಂದೆ ಅಳೆದರೆ ಅಲ್ಲೂ ಐದಾರು ಮಿಲಿಮೀಟರ್ ವ್ಯತ್ಯಾಸ. ಕೆಳಗಿನ ಅಂಚು ಹಿಡಿದು ನನ್ನ ಕಡೆ ಎಳೆದೆ. ಏನೂ ಆಗಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಬೆಣ್ಣೆಯ ಒಳಗೆ ಚಮಚ ಸರಿದಂತೆ ಏನೋ ಮೆತ್ತಗೆ ಸರಿದದ್ದು ಕೈಗೆ ಗೊತ್ತಾಯಿತು. ಅಳೆದೆ, ಎಳೆದೆ, ಅಳೆದೆ. ಅರ್ಧ ಗಂಟೆಯಲ್ಲಿ ನಾಲ್ಕೂ ಕಡೆ 3 ಮಿಲಿಮೀಟರ್ ಒಳಗೆ ಬಂತು. ಅಷ್ಟು ಸಾಕು. ಅಲ್ಯೂಮಿನಿಯಂ ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ ಇದೂ ಮುರಿಯುತ್ತದೆ. ಒಂದು ಸಲ ನೇರ ಮಾಡಿದ್ದನ್ನು ಎರಡನೇ ಸಲ ನಂಬಬಾರದು. ಅದಕ್ಕೆ ಹೊಸ ಹ್ಯಾಂಗರಿಗೂ ಆರ್ಡರ್ ಹಾಕಿದೆ. ಅದರಲ್ಲೂ ನೂರಾರು ಆಕಾರ ಇವೆ. ನನ್ನದರ ಫೋಟೋ ಪಕ್ಕದಲ್ಲಿ ಇಟ್ಟು, ಬೋಲ್ಟಿನ ತೂತು ಎಣಿಸಿ, ಒಂದು ಸಂಜೆ ಪೂರ್ತಿ ಹುಡುಕಿದೆ.

ಡಿರೇಲರ್ ಹಾಕಿದೆ. ಟಿಂಗ್ ಟಿಂಗ್ ಹೋಯಿತು. ಮೇಲಿನ ಗೇರು ಸರಿ ಮಾಡಿದರೆ ಕೆಳಗಿನದು ಕೆಡುವುದೂ ಹೋಯಿತು. ಆದರೆ ನಾಲ್ಕರಿಂದ ಐದಕ್ಕೆ ಮಾತ್ರ ಅದೇ ಸೋಮಾರಿತನ.

ಇಲ್ಲಿ ಒಂದು ಮಾತು ಗೊತ್ತಿದ್ದರೆ ಒಳ್ಳೆಯದು. ದೊಡ್ಡ ಸ್ಪ್ರಾಕೆಟ್ಟಿಗೆ ಹತ್ತಿಸುವಾಗ ನಮ್ಮ ಹೆಬ್ಬೆರಳು ಕೇಬಲ್ ಎಳೆಯುತ್ತದೆ. ಚಿಕ್ಕದಕ್ಕೆ ಇಳಿಸುವಾಗ ಎಳೆಯುವವರು ಯಾರೂ ಇಲ್ಲ. ಕೇಬಲ್ ಸಡಿಲ ಬಿಡುತ್ತೇವೆ, ಡಿರೇಲರಿನ ಒಳಗಿನ ಸ್ಪ್ರಿಂಗ್ ತಾನೇ ಎಳೆದುಕೊಳ್ಳಬೇಕು. ಹತ್ತುವುದು ಚುರುಕು, ಇಳಿಯುವುದು ನಿಧಾನ ಅಂದರೆ ಕೇಬಲ್ ಎಲ್ಲೋ ಹಿಡಿಯುತ್ತಿದೆ ಅಂತಲೇ ಅರ್ಥ. ಎಂಟು ಗೇರಿನ ಶಿಮಾನೋ ಕಂಪನಿಯ ಸೆಟ್ಟಿನಲ್ಲಿ ಒಂದು ಕ್ಲಿಕ್ಕಿಗೆ ಕೇಬಲ್ 3 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಸರಿಯುತ್ತದೆ, ಅಷ್ಟರಲ್ಲಿ ಡಿರೇಲರ್ 4.8 ಮಿಲಿಮೀಟರ್ ಸರಿಯಬೇಕು. ಕೇಬಲ್ ಅರ್ಧ ಮಿಲಿಮೀಟರ್ ಮುಷ್ಕರ ಹೂಡಿದರೂ ಚೈನು ಎರಡು ಸ್ಪ್ರಾಕೆಟ್ಟಿನ ನಡುವೆ ತ್ರಿಶಂಕು. 1984ರಲ್ಲಿ ಶಿಮಾನೋದವರು ತಮ್ಮ ಡ್ಯುರಾ ಏಸ್ ಸೆಟ್ಟಿನಲ್ಲಿ ಕ್ಲಿಕ್ ಗೇರು ತರುವ ಮುಂಚೆ ಸವಾರರು ಲಿವರನ್ನು ಅಂದಾಜಿಗೆ ಸರಿಸಿ, ಚೈನಿನ ಸದ್ದು ಕೇಳಿ ನಿಲ್ಲಿಸುತ್ತಿದ್ದರು. ಆಗ ಅರ್ಧ ಮಿಲಿಮೀಟರ್ ತಪ್ಪನ್ನು ಬೆರಳೇ ತಿದ್ದುತ್ತಿತ್ತು. ಕ್ಲಿಕ್ಕಿಗೆ ಕಿವಿ ಇಲ್ಲ.

ಕೇಬಲ್ ಹೊಸದು ಅಲ್ವಾ ಅಂತ ಅದರ ಮೇಲೆ ನನಗೆ ಅನುಮಾನವೇ ಇರಲಿಲ್ಲ. ಡಿರೇಲರಿನ ಹತ್ತಿರದ ಬಾಗಿದ ಔಟರ್ ತುಂಡನ್ನು, ಅಂದರೆ ಕೇಬಲ್ಲಿನ ಹೊರಗಿನ ಕೊಳವೆಯನ್ನು, ಬಿಚ್ಚಿದೆ. ಇನ್ನರ್, ಅಂದರೆ ಒಳಗಿನ ತಂತಿ, ಹೊಸದು, ಹೊಳೆಯುತ್ತಿದೆ. ಔಟರ್ ಮಾತ್ರ ಹಳೆಯದು. ಬಗ್ಗಿಸಿ ಅಲ್ಲಾಡಿಸಿದರೆ ಒಳಗಿಂದ ರಾಗಿ ಹಿಟ್ಟಿನ ಬಣ್ಣದ ನೀರು ತೊಟ್ಟಿಕ್ಕಿತು. ಆಗುಂಬೆ ಪಕ್ಕದ ಮಳೆ, ಕೆಮ್ಮಣ್ಣಿನ ಕೆಸರು. ಚಕ್ರ ಎರಚಿದ್ದೆಲ್ಲ ಇಳಿದು ನಿಲ್ಲುವುದು ಆ ಬಾಗಿನಲ್ಲೇ. ಇನ್ನರ್ ತಂತಿಯನ್ನು ಅದರೊಳಗೆ ಆಡಿಸಿದರೆ ಮರಳು ಕಾಗದದ ಮೇಲೆ ಎಳೆದಂತೆ ಇತ್ತು.

ಹ್ಯಾಂಡಲಿನ ಕಡೆಯ ಔಟರ್ ಹೊಸದೇ. ಆದರೆ ಅದು ದಪ್ಪ. ಅಳೆದರೆ 5 ಮಿಲಿಮೀಟರ್. ಹಿಂದಿನದು 4. ತುದಿ ಸುಲಿದು ನೋಡಿದೆ. ಒಳಗೆ ಚಪ್ಪಟೆ ತಂತಿ ಸುರುಳಿ ಸುತ್ತಿಕೊಂಡಿತ್ತು, ಸ್ಪ್ರಿಂಗಿನ ಹಾಗೆ. ಅದು ಬ್ರೇಕ್ ಔಟರ್! ಗೇರ್ ಔಟರಿನ ಒಳಗೆ ತಂತಿಗಳು ಕಂಬಳಿಯ ಎಳೆಯಂತೆ ಉದ್ದಕ್ಕೆ ಸಾಲಾಗಿ ಇರುತ್ತವೆ, ಒತ್ತಿದರೂ ಬಗ್ಗಿಸಿದರೂ ಉದ್ದ ಹೆಚ್ಚುಕಡಿಮೆ ಆಗುವುದಿಲ್ಲ. ಸುರುಳಿಯದು ಬಗ್ಗಿದಾಗೆಲ್ಲ ಉದ್ದ ಬದಲಿಸುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಗೇರಿಗೆ ಬರುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಗೇರು ತಾನಾಗಿ ಹಾರುತ್ತಿದ್ದದ್ದು ಇದಕ್ಕೇ. ಸರ್ವೀಸ್ ಮಾಡಿದವರ ಕೈಗೆ ಆ ದಿನ ಸಿಕ್ಕಿದ ತುಂಡು ಅದಾಗಿರಬೇಕು. ತುದಿಗೆ ಹಾಕುವ ಕ್ಯಾಪ್ ಇಲ್ಲದೆ ಅಡ್ಜಸ್ಟರಿನ ತೂತಿಗೆ ಸಲೀಸಾಗಿ ಕೂತಿದೆ, ಕಪ್ಪಗೆ ಚೆನ್ನಾಗಿಯೂ ಕಾಣುತ್ತದೆ. ಅವರನ್ನು ಬೈದೆ, ನಿಜ. ಆದರೆ ಎರಡು ವಾರ ದಿನಾ ಅದನ್ನೇ ಮುಟ್ಟಿಕೊಂಡು ಇದ್ದ ನನಗೂ ಗೊತ್ತಾಗಿರಲಿಲ್ಲವಲ್ಲ. ಅಂದಹಾಗೆ, ಇದನ್ನು ಉಲ್ಟಾ ಮಾಡಲು ಯಾರೂ ಹೋಗಬೇಡಿ. ಗೇರ್ ಔಟರನ್ನು ಬ್ರೇಕಿಗೆ ಹಾಕಿದರೆ, ಗಟ್ಟಿಯಾಗಿ ಹಿಡಿದಾಗ ಆ ಉದ್ದ ತಂತಿಗಳು ಒಡೆದು ಹೊರಗೆ ಬರಬಹುದು. ಇಳಿಜಾರಿನಲ್ಲಿ ಆದರೆ ಕಥೆ ಮುಗಿಯಿತು.

4 ಮಿಲಿಮೀಟರಿನ ಗೇರ್ ಔಟರ್, 1.2 ಮಿಲಿಮೀಟರಿನ ಸ್ಟೇನ್‌ಲೆಸ್ ಇನ್ನರ್, ಆರು ಕ್ಯಾಪು ತರಿಸಿದೆ. ಕತ್ತರಿಸುವಾಗ ಮೊದಲ ತುಂಡು ಹಾಳು ಮಾಡಿದೆ. ಸಾಧಾರಣ ಕಟಿಂಗ್ ಪ್ಲೇಯರ್ ಔಟರನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಒಳಗಿನ ಪ್ಲಾಸ್ಟಿಕ್ ನಳಿಕೆ ಮುಚ್ಚಿಹೋಗುತ್ತದೆ. ಎರಡನೇ ಸಲ ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಸಮ ಮಾಡಿ, ಅಮ್ಮನ ದಬ್ಬಣದಿಂದ ನಳಿಕೆಯ ಬಾಯಿ ಬಿಡಿಸಿದೆ. ಹೊಸ ಇನ್ನರ್ ತೂರಿಸಿದರೆ ತನ್ನ ಭಾರಕ್ಕೇ ಜಾರಿ ಕೆಳಗೆ ಬಂತು. ಅದು ಒಂದು ಸಂತೋಷ.

ಈ ಸಲ ಸ್ಕ್ರೂ ಮುಟ್ಟಿದ್ದು ಇಷ್ಟೆಲ್ಲ ಆದ ಮೇಲೆ. ಕೇಬಲ್ ಕಟ್ಟದೆ, ಚಿಕ್ಕ ಸ್ಪ್ರಾಕೆಟ್ಟಿನಲ್ಲಿ ಚೈನು ಇಟ್ಟು, ಮೇಲಿನ ರಾಟೆ ಆ ಸ್ಪ್ರಾಕೆಟ್ಟಿನ ಹೊರ ಅಂಚಿಗೆ ನೇರ ಬರುವ ಹಾಗೆ ಎಚ್. ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿ, ದೊಡ್ಡ ಸ್ಪ್ರಾಕೆಟ್ಟಿನ ಕೆಳಗೆ ಸರಿಯಾಗಿ ನಿಂತ ಮೇಲೆ ಒಂದು ಕೂದಲೂ ಮುಂದೆ ಹೋಗದ ಹಾಗೆ ಎಲ್. ಮೂರನೇ ಸ್ಕ್ರೂ ಬಿ, ಮೇಲಿನ ರಾಟೆಗೂ ದೊಡ್ಡ ಸ್ಪ್ರಾಕೆಟ್ಟಿಗೂ 5-6 ಮಿಲಿಮೀಟರ್ ಸಂದಿ ಇರುವ ಹಾಗೆ. ಆಮೇಲೆ ಕೇಬಲ್ ಎಳೆದು ಕಟ್ಟಿ, ಚಿಕ್ಕದರಿಂದ ಎರಡನೆಯದಕ್ಕೆ ಹತ್ತಿಸಿ, ಪಕ್ಕದ್ದಕ್ಕೆ ತಾಗಿ ಕಿರಕಿರ ಅನ್ನುವವರೆಗೆ ಅಡ್ಜಸ್ಟರ್ ಹೊರಗೆ, ಸದ್ದು ನಿಲ್ಲುವವರೆಗೆ ಕಾಲು ಕಾಲು ಸುತ್ತು ವಾಪಸ್. ಹದಿನೈದು ದಿನ ಆಗದ್ದು ಹತ್ತು ನಿಮಿಷದಲ್ಲಿ ಆಯಿತು. ಚಪ್ಪರದ ಕೆಳಗೆ ಪೆಡಲ್ ಕೈಯಲ್ಲಿ ತಿರುಗಿಸುತ್ತಾ ಎಂಟರಿಂದ ಒಂದು, ಒಂದರಿಂದ ಎಂಟು ಅಂತ ಸುಮ್ನೆ ಎಷ್ಟು ಸಲ ಹಾಕಿದೆನೋ. ಸ್ಕ್ರೂ ತಾನಾಗಿ ತಿರುಗುವ ವಸ್ತು ಅಲ್ಲ. ನಿನ್ನೆ ಸರಿ ಇದ್ದ ಗೇರು ಇವತ್ತು ಕೆಟ್ಟಿದೆ ಅಂದರೆ ಬೇರೆ ಏನೋ ಬಗ್ಗಿದೆ, ಹಿಡಿದಿದೆ ಅಥವಾ ಸವೆದಿದೆ.

ಸವೆದದ್ದು ಚೈನು. ಏರಿನಲ್ಲಿ ಹಾರುವುದಕ್ಕೂ ಡಿರೇಲರಿಗೂ ಸಂಬಂಧವೇ ಇರಲಿಲ್ಲ. ಚೈನಿನ ಒಂದು ಪಿನ್ನಿನಿಂದ ಮುಂದಿನದಕ್ಕೆ ಸರಿಯಾಗಿ ಅರ್ಧ ಇಂಚು, 24 ಎಣಿಸಿದರೆ 12 ಇಂಚು. ಒಂದಿಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ಜಾಸ್ತಿ ಆದರೆ ಅದು ಹಿಂದಿನ ಸ್ಪ್ರಾಕೆಟ್ಟುಗಳನ್ನೂ ತಿಂದಿದೆ ಅಂತ. ನನ್ನದು ಎಂಟನೇ ಒಂದನ್ನೂ ದಾಟಿತ್ತು. ಜಿಪುಣತನಕ್ಕೆ ಚೈನು ಮಾತ್ರ ಹೊಸದು ಹಾಕಿ ನೋಡಿದೆ. 21 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ, ಅಂದರೆ ನಾನು ದಿನಾ ಓಡಿಸುವ ಅದೇ ನಾಲ್ಕನೇ ಗೇರಿನಲ್ಲಿ, ಮೊದಲಿಗಿಂತ ಜೋರಾಗಿ ಹಾರಿತು. ಕ್ಯಾಸೆಟ್ಟೂ, ಅಂದರೆ ಹಿಂದಿನ ಎಂಟು ಸ್ಪ್ರಾಕೆಟ್ಟಿನ ಗೊಂಚಲೂ, ತರಿಸಿದೆ, 11ರಿಂದ 32 ಹಲ್ಲಿನದು. ಅದನ್ನು ಬಿಚ್ಚಲು ಬೇಕಾದ ಲಾಕ್ ರಿಂಗ್ ಪಾನ ಕೊಂಡೆ. ಸ್ಪ್ರಾಕೆಟ್ ತಿರುಗದಂತೆ ಹಿಡಿಯುವ ಚೈನಿನ ಕೊರಡೆಯನ್ನು ಮಾತ್ರ ಕೊಳ್ಳಲಿಲ್ಲ. ಹಳೇ ಚೈನಿನ ಒಂದು ಗೇಣು ತುಂಡನ್ನು ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿಸಿಕೊಂಡೆ, ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ. ಪ್ಲಾಸ್ಟಿಕ್ ತಟ್ಟೆಯೂ ಒಂದು ತರಿಸಿ ಹಾಕಿದೆ. ಮಕ್ಕಳ ಸೈಕಲ್ ತರ ಕಂಡರೆ ಕಾಣಲಿ.

ಕುಂದಾದ್ರಿಗೆ ಡಿಸೆಂಬರಿನಲ್ಲಿ ಮತ್ತೆ ಹೋದೆ. ಗೇರು ಎಲ್ಲಾ ಸರಿಯಾಗಿ ಬಿತ್ತು. ಕೊನೆಯ ಏರಿನಲ್ಲಿ ಇಳಿದು ತಳ್ಳಿದೆ, ಅದಕ್ಕೆ ಸೈಕಲ್ ಹೊಣೆಯಲ್ಲ.

ಪಂಕ್ಚರ್ ಅಂಗಡಿಯವರು ಮೊನ್ನೆ ಫೋನ್ ಮಾಡಿದ್ದರು. ಹೈಸ್ಕೂಲ್ ಹುಡುಗನೊಬ್ಬ ಗೇರ್ ಸೈಕಲ್ ತಂದಿದ್ದಾನಂತೆ. "ಇದರದ್ದೂ ಕಿವಿ ಸೊಟ್ಟ ಉಂಟು. ಆ ಚಕ್ರ ತಗಂಡು ಬನ್ನಿ ಮಾರಾಯ್ರೆ." ರಿಮ್ಮನ್ನು ಹೆಗಲಿಗೆ ಸಿಕ್ಕಿಸಿಕೊಂಡು ಹೋದೆ. ನೋಡಿದರೆ ಅದರಲ್ಲಿ ನನ್ನದರ ತರದ ಹ್ಯಾಂಗರೇ ಇಲ್ಲ. ಆಕ್ಸಲ್ ನಟ್ಟಿನ ಕೆಳಗೆ ಸಿಕ್ಕಿಸಿದ ದಪ್ಪ ಕಬ್ಬಿಣದ ಪಟ್ಟಿ, ಅದಕ್ಕೆ ಡಿರೇಲರ್. ಬಿಚ್ಚಿ ಕೊಟ್ಟೆ. ಅವರು ಅದನ್ನು ರೈಲು ಕಂಬಿಯ ತುಂಡಿನ ಮೇಲೆ ಇಟ್ಟು, ನನ್ನ ಮುಖ ನೋಡಿ, ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರು. ಸರಿ ಆಯಿತು.